ನಾಲ್ಕಡಿ ಲೆಟ್ಯೂಸ್

ಅವನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದವರು ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ತೂಕ ಮತ್ತು ಅಳತೆ ಕಚೇರಿಯ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ ಹಳೆಯ ಕಡತ ಕಾಯುತ್ತಿದ್ದ ಗುಮಾಸ್ತ ಅವನು. ಎಲ್ಲರೂ ಅವನನ್ನು ‘ರೆಕಾರ್ಡು’ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ನೆಲಮಾಳಿಗೆಗೆ ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಮೆಟ್ಟಿಲಿಳಿದು ಬರುವವರ ಚಪ್ಪಲಿ ನೋಡಿ ತಿಳಿದುಕೊಳ್ಳಬೇಕಿತ್ತು. ಹೀಗಿರುವಾಗ ಮೇಲಿನ ಮಹಡಿಯ ಹಿರಿಯ ಗುಮಾಸ್ತರು ನಿವೃತ್ತರಾಗಿ, ಅವರ ಮೇಜು ಖಾಲಿಯಾಯಿತು. ಅದು ಕಿಟಕಿ ಪಕ್ಕದ ಮೇಜು. ಅಲ್ಲಿ ಕೂತರೆ ಒಂದು ಮರ, ಅರ್ಧ ರಸ್ತೆ, ಒಂದು ಕ್ಷೌರದಂಗಡಿಯ ಒಳಭಾಗ ಇಷ್ಟೂ ಕಾಣುತ್ತಿದ್ದವು. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಸಾಹೇಬರು.

ಸಾಹೇಬರು ಒಮ್ಮೆ ತರಬೇತಿಗೆಂದು ಹದಿನೈದು ದಿನ ವಿದೇಶಕ್ಕೆ ಹೋಗಿ ಬಂದವರು. ಹೋಗಿ ಬಂದು ಒಂಬತ್ತು ವರ್ಷವಾಗಿದ್ದರೂ ಅವರ ಮಾತಿನಲ್ಲಿ ವಿಮಾನ ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ. ಆ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರು ಅಲ್ಲಿಯ ಸೊಪ್ಪಿನ ವಿಷಯ ತೆಗೆದಿದ್ದರು.

“ಲೆಟ್ಯೂಸ್ ಅಂತಾರೆ. ಹಸಿಯಾಗೇ ತಿನ್ನೋದು. ಏನು ರುಚಿ, ಏನು ತಂಪು! ಆದ್ರೆ ನಮ್ಮೂರಲ್ಲಿ ಬೆಳೆಯಲ್ಲ ಬಿಡಿ. ಈ ಮಣ್ಣಿಗೆ ಆ ಯೋಗ್ಯತೆ ಇಲ್ಲ” ಎಂದರು ಸಾಹೇಬರು.

ರೆಕಾರ್ಡು ಸಹಿಗಾಗಿ ಕಡತ ಹಿಡಿದು ಮೂರಡಿ ದೂರದಲ್ಲಿ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಅವನ ಕಣ್ಣು ಕಿಟಕಿ ಪಕ್ಕದ ಮೇಜಿನ ಮೇಲಿತ್ತು. ಬಾಯಿ ತಾನಾಗಿಯೇ ತೆರೆದುಕೊಂಡಿತು.

“ನಮ್ಮನೇಲಿ ಬೆಳೀತೀವಿ ಸಾರ್.”

ಬೆರಳಚ್ಚು ಯಂತ್ರದ ಸದ್ದು ನಿಂತಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸಾಹೇಬರು ರೆಕಾರ್ಡುವಿನ ಮುಖವನ್ನು ಪೂರ್ತಿಯಾಗಿ ನೋಡಿದರು.

“ನಿಮ್ಮನೇಲಾ? ಲೆಟ್ಯೂಸಾ?”

“ಹೌದು ಸಾರ್. ಈಗ ಚಿಕ್ಕದಿದೆ.”

“ಎಷ್ಟು ಚಿಕ್ಕದು?”

“ಕಣ್ಣಿಗೆ ಕಾಣದಷ್ಟು ಸಾರ್.”

ಈ ಕೊನೆಯ ಮಾತು ಮಾತ್ರ ಅಪ್ಪಟ ಸತ್ಯವಾಗಿತ್ತೆಂದು ಇಲ್ಲಿ ದಾಖಲಿಸಬೇಕು.

“ಭೇಷ್! ದೊಡ್ಡದಾಗಲಿ. ಒಂದು ಭಾನುವಾರ ನಾನೇ ಬಂದು ನೋಡ್ತೀನಿ, ತಿಂದೂ ಹೋಗ್ತೀನಿ” ಎಂದು ಸಾಹೇಬರು ಕೈ ತೊಳೆಯಲು ಎದ್ದರು.

ಮನೆಗೆ ಬಂದ ರೆಕಾರ್ಡು ಚಪ್ಪಲಿ ಬಿಡುವ ಮೊದಲೇ ಹೆಂಡತಿಯನ್ನು ಕೇಳಿದ: “ಲೇ, ಲೆಟ್ಯೂಸ್ ಅಂದ್ರೆ ಏನು ಗೊತ್ತೇನೇ?”

“ಯಾವುದೋ ಮಾತ್ರೆ ಹೆಸರಿದ್ದ ಹಾಗಿದೆ. ಯಾಕ್ರೀ, ಹುಷಾರಿಲ್ವಾ?”

ಮೂಲೆಯಲ್ಲಿ ಬೀನ್ಸ್ ನಾರು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ, “ಅದೊಂದು ಸೊಪ್ಪು ಕಣೇ. ಹೆಸರು ಕೇಳಿದೀನಿ, ನೋಡಿಲ್ಲ” ಎಂದರು. ಅತ್ತೆ ವರ್ಷದಲ್ಲಿ ಎಂಟು ತಿಂಗಳು ಮಗಳ ಮನೆಯಲ್ಲಿರುತ್ತಿದ್ದರು. ಉಳಿದ ನಾಲ್ಕು ತಿಂಗಳು ಎಲ್ಲಿರುತ್ತಾರೆಂದು ವಿಚಾರಿಸುವ ಧೈರ್ಯ ಅಳಿಯನಿಗೆ ಬಂದಿರಲಿಲ್ಲ, ಕೇಳಿದರೆ ಅದನ್ನೂ ಇಲ್ಲೇ ಕಳೆದಾರೆಂಬ ಭಯ.

ಬೀಜದಂಗಡಿಯವನು ಎಲ್ಲಕ್ಕಿಂತ ಕೆಳಗಿನ ಡ್ರಾಯರ್ ಎಳೆದು, ಒಂದು ಕಾಗದದ ಪೊಟ್ಟಣ ತೆಗೆದು, ಧೂಳು ಊದಿ ಕೊಟ್ಟ.

“ಹೋದ ವರ್ಷ ಯಾರೋ ಕೇಳಿದ್ರು ಅಂತ ತರಿಸಿದ್ದೆ. ಬೀಜ ಬರೋ ಹೊತ್ತಿಗೆ ಅವರು ಊರೇ ಬಿಟ್ಟಿದ್ರು.”

“ಇದರ ಮೇಲೆ ಚಿತ್ರ ಇಲ್ವಲ್ಲ? ಗಿಡ ನೋಡೋಕೆ ಹೇಗಿರುತ್ತೆ?”

“ಹಸಿರಾಗಿರುತ್ತೆ” ಎಂದ ಅಂಗಡಿಯವನು. ಅದಕ್ಕಿಂತ ಹೆಚ್ಚು ಹೇಳುವುದು ಅವನಿಗೂ ಸಾಧ್ಯವಿರಲಿಲ್ಲ.

ಲೆಟ್ಯೂಸ್ ಬಹಳ ತಂಪೆಂದು ಸಾಹೇಬರು ಹೇಳಿದ್ದರು. ಹಾಗಾದರೆ ಅದಕ್ಕೆ ತಂಪು ಜಾಗವೇ ಬೇಕೆಂದು ರೆಕಾರ್ಡು ಲೆಕ್ಕ ಹಾಕಿದ. ಮನೆಯಲ್ಲಿ ತಂಪಾಗಿದ್ದ ಜಾಗವೆಂದರೆ ಬಚ್ಚಲುಮನೆ ಒಂದೇ. ತಳ ತೂತಾದ ಒಂದು ಬಕೆಟ್ಟಿಗೆ ಮಣ್ಣು ತುಂಬಿ ಅಲ್ಲಿಟ್ಟು, ರೆಕಾರ್ಡು ಒಂದೊಂದೇ ಬೀಜವನ್ನು ಬೆರಳು ಪೂರ್ತಿ ಇಳಿಯುವಷ್ಟು ಆಳಕ್ಕೆ ಹೂತ. ಕಡತಗಳ ವಿಷಯದಲ್ಲಿ ಅವನ ಪದ್ಧತಿ ಅದೇ: ಒಮ್ಮೆ ಒಳಗೆ ಹೋದದ್ದು ಸುಲಭವಾಗಿ ಮೇಲೆ ಬರಬಾರದು. ಬೀಜಗಳೂ ಅವನ ಪದ್ಧತಿಗೆ ಗೌರವ ಕೊಟ್ಟವು. ಹದಿಮೂರು ದಿನ ಮನೆಮಂದಿಯೆಲ್ಲ ಬಕೆಟ್ಟಿಗೆ ಸೋಪಿನ ನೊರೆ ಸಿಡಿಯದಂತೆ ಗೋಡೆಗೆ ಅಂಟಿಕೊಂಡು ಸ್ನಾನ ಮಾಡಿದರೂ ಒಂದು ಮೊಳಕೆಯೂ ತಲೆಯೆತ್ತಲಿಲ್ಲ.

ಹದಿನಾಲ್ಕನೆಯ ದಿನ ಅತ್ತೆ ಬಚ್ಚಲು ಗುಡಿಸುವಾಗ ಗೋಡೆಯ ಗೂಡಿನಲ್ಲಿದ್ದ ಖಾಲಿ ಬೀಜದ ಪೊಟ್ಟಣವನ್ನು ಬಕೆಟ್ಟಿನ ಮೇಲೆ ಕೊಡವಿ, ಮಡಿಚಿ, ಬಿಸಾಡಿದರು. ಮೂಲೆಯಲ್ಲಿ ಅಂಟಿಕೊಂಡಿದ್ದ ಏಳೆಂಟು ಬೀಜ ಮಣ್ಣಿನ ಮೇಲೇ ಬಿದ್ದವು. ಐದು ದಿನಕ್ಕೆ ಏಳು ಮೊಳಕೆ!

“ನೋಡಿದ್ಯಾ? ತಾಳ್ಮೆ ಬೇಕು. ಆಳವಾಗಿ ಬಿತ್ತಿದ್ರೆ ಬೇರು ಗಟ್ಟಿ” ಎಂದು ರೆಕಾರ್ಡು ಹೆಂಡತಿಗೆ ವಿವರಿಸಿದ. ಅತ್ತೆ ಪೊರಕೆ ಹಿಡಿದು ಹಿತ್ತಲಿಗೆ ನಡೆದರು. ಅವರಿಗೆ ಮಾಡುವ ಕೆಲಸ ಬಹಳವಿತ್ತು.

ಬಚ್ಚಲಿಗಿದ್ದದ್ದು ಅಂಗೈಯಗಲದ ಒಂದು ಗಾಜಿನ ಕಿಂಡಿ. ಏಳೂ ಸಸಿಗಳು ಬೆಳಕಿಗಾಗಿ ಆ ಕಡೆ ಕತ್ತು ಚಾಚಿ, ದಾರದಷ್ಟು ತೆಳ್ಳಗೆ ಉದ್ದವಾದವು. ಅವುಗಳ ಮೇಲೆ ರೆಕಾರ್ಡುವಿಗೆ ವಿಶೇಷ ಮಮತೆ ಹುಟ್ಟಿತು. ನೆಲಮಾಳಿಗೆಯ ಕಷ್ಟ ಅವನಿಗೆ ಗೊತ್ತಿತ್ತು. ಆದರೂ ಆರು ಮಲಗಿಬಿಟ್ಟವು. ಉಳಿದ ಒಂದನ್ನು ಹೆಂಡತಿ ಅವನು ಕಚೇರಿಯಲ್ಲಿದ್ದಾಗ ಹಿತ್ತಲಿಗೆ ಸಾಗಿಸಿ, ಕಾಂಪೌಂಡ್ ಗೋಡೆಯ ಪಕ್ಕ ನೆಟ್ಟು, ಆಸರೆಗೊಂದು ಕೋಲು ಊರಿದಳು. “ನಮಗೂ ನೆಮ್ಮದಿಯಾಗಿ ಸ್ನಾನ ಮಾಡೋದು ಬೇಡ್ವೇನ್ರೀ?” ಎಂಬುದು ಅವಳ ವಾದ.

ಬೇಸಿಗೆ ಕಾಲಿಟ್ಟಿತ್ತು. ಬಿಸಿಲು ಕಂಡ ಗಿಡ ಮೇಲಕ್ಕೆ ಹೊರಟಿತು. ಅಕ್ಕಪಕ್ಕ ನೋಡಲಿಲ್ಲ, ನೆಲದ ಮೇಲೆ ಹರಡಿ ಕೂರುವ ಆಲೋಚನೆಯನ್ನೇ ಮಾಡಲಿಲ್ಲ. ನೆಟ್ಟಗೆ ಒಂದು ದಂಟು, ಅದಕ್ಕೆ ಮೆಟ್ಟಿಲುಗಳಂತೆ ಅಲ್ಲೊಂದು ಇಲ್ಲೊಂದು ಎಲೆ.

ಇದನ್ನು ಮೊದಲು ಗಮನಿಸಿದವರು ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು. ಮೂವತ್ತು ವರ್ಷ ಮಕ್ಕಳಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿದವರಾದ್ದರಿಂದ ನೆಟ್ಟಗೆ ನಿಂತದ್ದೆಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು.

“ಏನ್ರೀ ಅದು, ನಿಮ್ಮ ಹಿತ್ತಲಲ್ಲಿ?”

“ಲೆಟ್ಯೂಸ್, ಮಾಸ್ಟ್ರೇ. ವಿದೇಶದ್ದು. ಸಾಹೇಬ್ರು ತಿನ್ನೋಕೆ ಬರ್ತಿದಾರೆ.”

ಮಾಸ್ತರು ಗೋಡೆಯಾಚೆಯಿಂದಲೇ ಗಿಡಕ್ಕೆ ಗೌರವ ಸೂಚಿಸುವಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಅಂದಿನಿಂದ ಪ್ರತಿ ಬೆಳಗ್ಗೆ ಅವರ ಕಂಚಿನ ಕಂಠ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು: “ಒಂದಡಿ ಏಳಂಗುಲ!” “ಒಂದಡಿ ಒಂಬತ್ತು!” ಅಂದಾಜಿನ ಅಳತೆ ತನ್ನ ಇಲಾಖೆಗೆ ಅವಮಾನವೆಂದು ರೆಕಾರ್ಡು ಕಚೇರಿಯಿಂದ ಮುದ್ರೆ ಹಾಕಿದ ಹಿತ್ತಾಳೆ ಅಳತೆಕೋಲನ್ನೇ ತಂದು ಅಳೆದ. ಮಾಸ್ತರದ್ದು ಕಾಲಂಗುಲ ಹೆಚ್ಚಾಗಿತ್ತು. ಮರುದಿನದಿಂದ ಮಾಸ್ತರು ಕಾಲಂಗುಲ ಬಿಟ್ಟೇ ಕೂಗಿದರು.

ಸಾಹೇಬರು ಮೊದಲು ಬರಬೇಕಿದ್ದ ಭಾನುವಾರ ಅವರಿಗೆ ಹಲ್ಲುನೋವು. ಎರಡನೆಯ ಭಾನುವಾರ ಅವರು ಪ್ರವಾಸದಲ್ಲಿದ್ದರು. ಮೂರನೆಯ ಭಾನುವಾರಕ್ಕೆ ಪ್ರವಾಸ ಮುಂದುವರಿಯಿತು. ಇತ್ತ ಗಿಡ ಮೊಣಕಾಲು ದಾಟಿ ಸೊಂಟಕ್ಕೆ ಬಂತು.

“ಅಳಿಯಂದ್ರೇ, ಸೊಪ್ಪು ಎಳೇದಿದ್ದಾಗ ಕೊಯ್ಯಬೇಕು. ಇದು ಹೂ ಬಿಡೋ ಹಾಗಿದೆ” ಎಂದರು ಅತ್ತೆ.

“ಅತ್ತೆ, ಅದು ನಮ್ಮ ಸೊಪ್ಪುಗಳ ವಿಷಯ. ಇದು ಬೇರೆ ಜಾತಿ.”

“ಬೇರೆ ಜಾತಿದಾದ್ರೂ ಸೊಪ್ಪೇ ತಾನೆ?”

“ಸಾಹೇಬ್ರು ಬರೋವರೆಗೆ ಒಂದೆಲೆ ಮುಟ್ಟೋ ಹಾಗಿಲ್ಲ!”

ಆ ಗಲಾಟೆಯಲ್ಲೇ ಅವನ ಮೊಣಕೈ ತಾಗಿ ಒಂದೆಲೆ ಮುರಿಯಿತು. ಮುರಿದಲ್ಲಿ ಬಿಳಿಯ ಹಾಲು ಜಿನುಗಿತು. ಅತ್ತೆ ಹುಬ್ಬು ಗಂಟಿಕ್ಕಿದರು. ರೆಕಾರ್ಡು ಮಾತ್ರ ಗೋಡೆಯ ಬಳಿಗೆ ಓಡಿದ.

“ಮಾಸ್ಟ್ರೇ! ಹಾಲು ಕೊಡ್ತಿದೆ!”

ಸುದ್ದಿ ಅವನಿಗಿಂತ ಮೊದಲೇ ಕಚೇರಿ ತಲುಪಿತ್ತು. ಅಷ್ಟು ವರ್ಷ ಅವನ ಹೆಂಡತಿ ಇದ್ದಾಳೋ ಇಲ್ಲವೋ ಎಂದೂ ಕೇಳದವರು ದಿನಕ್ಕೆ ಮೂರು ಸಲ ಲೆಟ್ಯೂಸಿನ ಕ್ಷೇಮ ವಿಚಾರಿಸತೊಡಗಿದರು. ಬೆರಳಚ್ಚುಗಾರ್ತಿ ತನ್ನ ಮನೆಯ ಗುಲಾಬಿಗೆ ಹುಳು ಹತ್ತಿದ್ದಕ್ಕೆ ಅವನ ಸಲಹೆ ಕೇಳಿದಳು. “ಸ್ವಲ್ಪ ಆಳಕ್ಕೆ ಹೂಳಿ” ಎಂದು ಅವನು ಗಂಭೀರವಾಗಿ ಹೇಳಿದ. ಅವಳು ಹೂಳಿದಳು. ಹುಳುವಿನ ಕಾಟ ಅಲ್ಲಿಗೆ ಮುಗಿಯಿತು, ಗುಲಾಬಿಯದೂ.

ನಾಲ್ಕನೆಯ ಭಾನುವಾರ ಬೆಳಗ್ಗೆ ಹತ್ತಕ್ಕೆ ಸಾಹೇಬರ ಕಾರು ಬೀದಿಗೆ ಬಂತು. ಜೊತೆಯಲ್ಲಿ ಅವರ ಹೆಂಡತಿಯೂ ಇದ್ದರು. ಡ್ರಿಲ್ ಮಾಸ್ತರನ್ನು ಯಾರೂ ಕರೆದಿರಲಿಲ್ಲ. ಆದರೆ ಇಸ್ತ್ರಿ ಹಾಕಿದ ಷರಟು ತೊಟ್ಟು ಗೇಟಿನ ಬಳಿ ನಿಂತವರನ್ನು ಹೊರಗೇ ಬಿಡುವುದು ಹೇಗೆ?

ಎಲ್ಲರೂ ಹಿತ್ತಲಿಗೆ ನಡೆದರು. ಗಿಡ ಅಂದು ನಾಲ್ಕಡಿ ಒಂದಂಗುಲವಿತ್ತು. ಸಾಹೇಬರು ಅದರ ಬುಡದಿಂದ ತುದಿಯವರೆಗೆ ಕಣ್ಣು ಹಾಯಿಸಿದರು, ಮತ್ತೆ ತುದಿಯಿಂದ ಬುಡದವರೆಗೆ. ಅವರು ವಿದೇಶದಲ್ಲಿ ಲೆಟ್ಯೂಸನ್ನು ಕಂಡದ್ದು ಎರಡು ಬ್ರೆಡ್ ತುಂಡುಗಳ ನಡುವೆ ಮಾತ್ರ. ಗಿಡ ಹೇಗಿರುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅವಕಾಶ ಒಂಬತ್ತು ವರ್ಷದ ಹಿಂದೆಯೇ ಕೈಬಿಟ್ಟು ಹೋಗಿತ್ತು.

“ಇಷ್ಟು ದೊಡ್ಡದನ್ನ ನಾನು ಅಲ್ಲೂ ನೋಡಿಲ್ಲ” ಎಂದರು. ಸತ್ಯವೇ.

“ಮಣ್ಣಿಗೆ ಯೋಗ್ಯತೆ ಇದೆ ಸಾರ್!” ಎಂದು ಮಾಸ್ತರು ಕೂಗಿದರು.

ರೆಕಾರ್ಡುವಿನ ಹೆಂಡತಿ ಎಲೆಗಳನ್ನು ಕೊಯ್ದು, ತೊಳೆದು, ಮೇಲೆ ಉಪ್ಪು ಉದುರಿಸಿ, ನಿಂಬೆರಸ ಹಿಂಡಿ, ಒಳ್ಳೆಯ ತಟ್ಟೆಗಳಲ್ಲಿ ತಂದಿಟ್ಟಳು. ನಡುಮನೆಯಲ್ಲಿ ಐವರು ಕೂತರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮೊದಲ ಎಲೆ ಸಾಹೇಬರೇ ಬಾಯಿಗಿಟ್ಟುಕೊಳ್ಳಲೆಂದು ಉಳಿದವರೆಲ್ಲ ಕಾದರು. ಆಮೇಲೆ ಎಲ್ಲರೂ ತಿಂದರು.

ಕೆಲವು ಕಹಿಗಳು ನಾಲಿಗೆಗೆ ತಾಗಿ ಹೋಗುತ್ತವೆ. ಇದು ಹೋಗಲು ಬಂದದ್ದಲ್ಲ. ನಾಲಿಗೆಯ ಮೇಲೆ ಕೂತು, ಗಂಟಲಿಗೆ ಇಳಿದು, ಕಿವಿಯ ಹಿಂಭಾಗಕ್ಕೆ ಏರಿ, ಕಣ್ಣಿನಿಂದ ಹೊರಬರಲು ದಾರಿ ಹುಡುಕಿತು. ಮಾಸ್ತರು ಒಂದೇ ಗುಕ್ಕಿಗೆ ನುಂಗಿ ಸೇನೆಯವರಂತೆ ಎದುರಿನ ಗೋಡೆ ನೋಡುತ್ತ ಕೂತರು. ರೆಕಾರ್ಡುವಿನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ರೆಕಾರ್ಡು ತನ್ನ ನಾಲಿಗೆಯೇ ಕೆಟ್ಟಿರಬೇಕೆಂದುಕೊಂಡು ಸಾಹೇಬರ ಮುಖ ನೋಡಿದ. ಎಲ್ಲರೂ ಸಾಹೇಬರ ಮುಖವನ್ನೇ ನೋಡುತ್ತಿದ್ದರು.

ಸಾಹೇಬರು ಅಗಿದರು. ಮತ್ತೆ ಅಗಿದರು. ಅವರ ಹಣೆಯ ಮೇಲೆ ಒಂದು ನರ ಎದ್ದು ನಿಂತಿತು. ಕೊನೆಗೆ ಗಂಟಲು ಏರಿ ಇಳಿಯಿತು.

“ಇದೇ” ಎಂದರು, ಸ್ವಲ್ಪ ಒಡೆದ ದನಿಯಲ್ಲಿ. “ಇದೇ ರುಚಿ. ಹಾಗೇ ಇದೆ.”

“ಇದನ್ನ ತಿನ್ನೋಕೆ ಅಷ್ಟು ದೂರ ವಿಮಾನ ಹತ್ತಿ ಹೋಗಿದ್ರಾ?” ಎಂದರು ಅವರ ಹೆಂಡತಿ, ಎಲೆಯನ್ನು ಕರವಸ್ತ್ರಕ್ಕೆ ವರ್ಗಾಯಿಸುತ್ತ.

ಬಾಗಿಲ ಬಳಿಯಿಂದ ಅತ್ತೆ ಕೇಳಿದರು: “ಕಹಿ ಇಲ್ವಾ?”

“ಕಹಿ ಅಲ್ಲಮ್ಮ” ಎಂದರು ಸಾಹೇಬರು. “ಇದು ಗಂಭೀರವಾದ ರುಚಿ. ಅಭ್ಯಾಸ ಬೇಕು.”

“ಹೌದು ಸಾರ್, ಬಹಳ ಗಂಭೀರ” ಎಂದ ರೆಕಾರ್ಡು. ಅವನ ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ಸಾಹೇಬರು ಕೃತಜ್ಞತೆಯೆಂದು ತಿಳಿದರು. ತಮ್ಮ ಕಣ್ಣಿನ ನೀರಿಗೆ ಅವರ ಬಳಿ ಅಂಥ ಒಳ್ಳೆಯ ಕಾರಣವಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ಗಿಡದಲ್ಲಿ ಇನ್ನೂ ಅರವತ್ತು ಎಲೆಗಳಿದ್ದವು, ಸಾಹೇಬರಿಗೆ ಅದು ಪ್ರಾಣವೆಂದು ರೆಕಾರ್ಡು ನಂಬಿದ್ದ. ಸೋಮವಾರದಿಂದ ಅವನು ದಿನಾ ಮೂರೆಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರತೊಡಗಿದ. ಊಟದ ಹೊತ್ತಿಗೆ ಸರಿಯಾಗಿ ಸಾಹೇಬರ ಮೇಜಿನ ಮೇಲೆ ತಟ್ಟೆ ಇಟ್ಟು, ಕೈಕಟ್ಟಿ ನಿಲ್ಲುವನು. ತಿಂದು ಮುಗಿಯುವವರೆಗೆ ಅಲ್ಲಾಡನು.

“ಇವತ್ತು ಬೇಡ ರೆಕಾರ್ಡು, ಹೊಟ್ಟೆ ಸರಿಯಿಲ್ಲ” ಎಂದರು ಗುರುವಾರ ಸಾಹೇಬರು.

“ಹೊಟ್ಟೆಗೆ ಇದು ಅಮೃತ ಅಂತ ಸೋಮವಾರ ನೀವೇ ಹೇಳಿದ್ರಲ್ಲ ಸಾರ್!”

ಇಡೀ ಕಚೇರಿ ಕತ್ತೆತ್ತಿ ನೋಡುತ್ತಿತ್ತು. ಸಾಹೇಬರು ತಿಂದರು.

ಶುಕ್ರವಾರ ಅವರು ಊಟದ ಹೊತ್ತಿಗೆ ತಪಾಸಣೆಗೆಂದು ಹೊರಬಿದ್ದರು. ರೆಕಾರ್ಡು ಎಲೆಗಳನ್ನು ಕಾರಿನವರೆಗೆ ತಂದುಕೊಟ್ಟ. ಎರಡನೆಯ ವಾರದ ಮಧ್ಯದಲ್ಲಿ ಸಾಹೇಬರು ಸ್ವಲ್ಪ ಸೊರಗಿದಂತೆ ಕಂಡರು. ಅವರು ಬೆರಳಚ್ಚುಗಾರ್ತಿಯನ್ನು ಕರೆದು ಬಾಗಿಲು ಮುಚ್ಚಿಸಿ ಎರಡು ಆದೇಶಗಳನ್ನು ಬರೆಸಿದರು. ಮೊದಲನೆಯದು, ದಾಖಲೆ ಗುಮಾಸ್ತರ ದೀರ್ಘ ಸೇವೆಯನ್ನು ಪರಿಗಣಿಸಿ ಅವರಿಗೆ ಮೇಲಿನ ಮಹಡಿಯ ಕಿಟಕಿ ಪಕ್ಕದ ಮೇಜನ್ನು ನೀಡಲಾಗಿದೆ. ಎರಡನೆಯದು, ಕಚೇರಿಯ ಶಿಸ್ತು ಹಾಗೂ ಸ್ವಚ್ಛತೆಯ ದೃಷ್ಟಿಯಿಂದ ಇನ್ನು ಮುಂದೆ ಯಾವುದೇ ಸಿಬ್ಬಂದಿ ಯಾವುದೇ ರೂಪದ ಹಸಿ ಸೊಪ್ಪನ್ನು ಕಚೇರಿಯ ಆವರಣದೊಳಗೆ ತರತಕ್ಕದ್ದಲ್ಲ.

ರೆಕಾರ್ಡು ಎರಡನ್ನೂ ಎರಡೆರಡು ಸಲ ಓದಿದ. ಮೊದಲನೆಯದು ಸಾಹೇಬರ ಪ್ರೀತಿ, ಎರಡನೆಯದು ಸಹೋದ್ಯೋಗಿಗಳ ಹೊಟ್ಟೆಕಿಚ್ಚು ಎಂದು ಅವನಿಗೆ ತಕ್ಷಣ ಹೊಳೆಯಿತು. ಹೊಸ ಮೇಜಿನಲ್ಲಿ ಕೂತು ಮೊದಲ ದಿನವೆಲ್ಲ ಅವನು ಕ್ಷೌರದಂಗಡಿಯಲ್ಲಿ ಯಾರ ಗಡ್ಡ ಎಷ್ಟು ಹೊತ್ತಿಗೆ ಮುಗಿಯಿತೆಂದು ನೋಡಿದ. ಸುಖವಾಗಿತ್ತು.

ಇತ್ತ ಹಿತ್ತಲಿನ ಗಿಡ ತುದಿಯಲ್ಲಿ ಚಿಕ್ಕ ಚಿಕ್ಕ ಹಳದಿ ಹೂ ಬಿಟ್ಟಿತು. ಹೂ ಒಣಗಿ ಬಿಳಿಯ ನವಿರು ಕುಚ್ಚುಗಳಾದವು. ಒಂದು ಮಧ್ಯಾಹ್ನ ಜೋರು ಗಾಳಿ ಬೀಸಿತು; ಬೀಜ ಹೊತ್ತ ಕುಚ್ಚುಗಳೆಲ್ಲ ಗೋಡೆ ಹಾರಿ, ಬೀದಿ ದಾಟಿ, ಸಿಕ್ಕ ಸಿಕ್ಕ ಮನೆಯೊಳಗೆ ಹೋದವು. ಡ್ರಿಲ್ ಮಾಸ್ತರು ಮೂರು ಸಲ ಸೀನಿ “ಏನ್ರೀ ಇದು ಧೂಳು?” ಎಂದರು. ಮಾರನೆಯ ದಿನ ರೆಕಾರ್ಡು ಒಣಗಿದ ದಂಟನ್ನು ಕಿತ್ತು, ನೆನಪಿಗೆಂದು ಅಳತೆ ಬರೆದಿಟ್ಟುಕೊಂಡ.

ಮಳೆಗಾಲ ಕಳೆದು ಹಿತವಾದ ಚಳಿ ಬಿದ್ದಿತು. ಒಂದು ಬೆಳಗ್ಗೆ ಮಾಸ್ತರು ಗೋಡೆಯಾಚೆಯಿಂದ ಕರೆದರು.

“ಸ್ವಲ್ಪ ಬಂದು ನೋಡಿ. ನನ್ನ ಅಂಗಳದಲ್ಲಿ ಏನೋ ಎದ್ದಿದೆ. ನಿಮಗೆ ಸೊಪ್ಪಿನ ವಿಷಯ ಚೆನ್ನಾಗಿ ಗೊತ್ತಲ್ಲ.”

ರೆಕಾರ್ಡು ಹೋಗಿ ನೋಡಿದ. ನಲ್ಲಿಯ ಪಕ್ಕ, ಗೋಡೆಯ ನೆರಳಿನಲ್ಲಿ ಹನ್ನೆರಡು ಗಿಡಗಳು ನೆಲಕ್ಕೆ ಆತುಕೊಂಡು ಕೂತಿದ್ದವು. ಒಂದೊಂದೂ ತಟ್ಟೆಯಷ್ಟು ಅಗಲ. ನಡುವಿನಿಂದ ಸುತ್ತಲೂ ಅರಳಿದ ಎಳೆಹಸಿರು ಎಲೆ, ಅಂಚಿನಲ್ಲಿ ಸಣ್ಣ ಸುಕ್ಕು, ಮೇಲೆ ಇಬ್ಬನಿ. ಅವನು ಕೂತು ಒಂದನ್ನು ಎಡದಿಂದ ನೋಡಿದ, ಬಲದಿಂದ ನೋಡಿದ. ಜೇಬಿನಿಂದ ಟೇಪು ತೆಗೆದು ಎತ್ತರ ಅಳೆದ. ಐದಂಗುಲ.

“ಕಳೆ” ಎಂದ.

“ಲೆಟ್ಯೂಸ್ ಏನಾದ್ರೂ ಇರಬಹುದಾ ಅಂತ...”

“ಮಾಸ್ಟ್ರೇ! ಲೆಟ್ಯೂಸ್ ನೀವೇ ಕಣ್ಣಾರೆ ನೋಡಿದೀರಿ. ದಂಟೆಲ್ಲಿದೆ ಇದಕ್ಕೆ? ಹಾಲೆಲ್ಲಿದೆ? ನಾಲ್ಕಡಿ ಬೆಳೆಯೋ ಮುಖಾನಾ ಇದು?”

ಮಾಸ್ತರಿಗೆ ತಮ್ಮ ಸಂಶಯದ ಬಗ್ಗೆ ನಾಚಿಕೆಯಾಯಿತು. ಆ ವಾರ ಬೀದಿಯ ಎಂಟು ಮನೆಗಳಿಂದ ರೆಕಾರ್ಡುವಿಗೆ ಕರೆ ಬಂತು. ಹೂಕುಂಡಗಳಲ್ಲಿ, ಮೆಟ್ಟಿಲ ಸಂದಿಯಲ್ಲಿ, ಚರಂಡಿಯ ಅಂಚಿನಲ್ಲಿ ಅದೇ ಗಿಡ. ಅವನು ಎಲ್ಲೆಡೆಗೂ ಹೋಗಿ, ಅಳೆದು, ಒಂದೇ ತೀರ್ಪು ಕೊಟ್ಟ: “ಕಿತ್ತು ಹಾಕಿ.” ಒಂದು ಮನೆಯಲ್ಲಿ ತಾನೇ ಬಗ್ಗಿ ಹದಿನೇಳನ್ನು ಕಿತ್ತುಕೊಟ್ಟ. ಕಿತ್ತ ಗಿಡಗಳೆಲ್ಲ ಬೀದಿಯ ತುದಿಯಲ್ಲಿ ರಾಶಿ ಬಿದ್ದವು.

ಅವನು ಕಚೇರಿಗೆ ಹೋದ ಮೇಲೆ ಅತ್ತೆ ಒಂದು ಬುಟ್ಟಿ ಹಿಡಿದು ಆ ರಾಶಿಯ ಬಳಿಗೆ ಹೋದರು. ಒಂದೆಲೆ ಮುರಿದು ನೋಡಿದರು, ಮೂಸಿದರು, ಬಾಯಿಗಿಟ್ಟು ನಿಧಾನವಾಗಿ ಅಗಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ತುಂಬಿಕೊಂಡು ಬಂದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತ ರೆಕಾರ್ಡುವಿನ ತಟ್ಟೆಯ ಬದಿಯಲ್ಲಿ ಹಸಿರು ಎಲೆಗಳ ಒಂದು ಸಣ್ಣ ಗುಡ್ಡವಿತ್ತು. ಸ್ವಲ್ಪ ಉಪ್ಪು, ಸ್ವಲ್ಪ ನಿಂಬೆರಸ. ಅವನು ಒಂದನ್ನು ಬಾಯಿಗೆ ಹಾಕಿಕೊಂಡ. ಕರುಂ ಎಂದಿತು. ಇನ್ನೊಂದು ಹಾಕಿಕೊಂಡ. ಗುಡ್ಡ ನೆಲಸಮವಾಯಿತು. ಮತ್ತೆ ಹಾಕಿಸಿಕೊಂಡ.

“ಏನ್ ಸೊಪ್ಪೇ ಇದು? ತಣ್ಣಗೆ, ಸಿಹಿಯಾಗಿ... ಎಷ್ಟು ಚೆನ್ನಾಗಿದೆ!”

ಹೆಂಡತಿ ತಾಯಿಯ ಮುಖ ನೋಡಿದಳು. ಅವಳ ತುಟಿ ಅದುರುತ್ತಿತ್ತು.

“ಕಳೆ” ಎಂದರು ಅತ್ತೆ. “ನೀವೇ ಕಿತ್ತು ಹಾಕಿಸಿದ್ದು.”

ರೆಕಾರ್ಡು ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖದಲ್ಲಿ ಏನೋ ತಿಳಿದುಬಂದವನ ಗಾಂಭೀರ್ಯ ಮೂಡಿತು. ಹೆಂಡತಿ ಬಡಿಸುವ ಸೌಟು ಕೆಳಗಿಟ್ಟಳು.

“ನಿಜ ಹೇಳ್ಲಾ ಅತ್ತೆ? ಸಾಹೇಬ್ರಿಗೆ ಹೇಳ್ಬೇಡಿ” ಎಂದ ಅವನು ದನಿ ತಗ್ಗಿಸಿ. “ಇದರ ಮುಂದೆ ಆ ಲೆಟ್ಯೂಸ್ ಏನೇನೂ ಅಲ್ಲ. ಈ ಸಲ ಹಿತ್ತಲು ಪೂರ್ತಿ ಇದನ್ನೇ ಬೆಳೆಸೋಣ. ಇದರ ಬೀಜ ಎಲ್ಲಿ ಸಿಗುತ್ತೋ?”

ಅತ್ತೆ ಉಳಿದಿದ್ದ ಎಲೆಗಳನ್ನೆಲ್ಲ ಅವನ ತಟ್ಟೆಗೆ ಬಡಿಸಿದರು.

“ನೀವು ಬಿತ್ತೋಕೆ ಮಾತ್ರ ಹೋಗ್ಬೇಡಿ, ಅಳಿಯಂದ್ರೇ. ಹೀಗೇ ಕೀಳ್ತಾ ಇರಿ, ಸಾಕು.”